ತುಮಕೂರಲ್ಲಿ ಸೈಟ್ ತಗೊಳೋಕೆ ಯಾರ ಸಲಹೆ ಕೇಳ್ಬೇಕು? ಆ ಕಡೆಯವರೇ ಆದ ಮಾವ ತಗೋ ಅಂತಾರೆ, ಫ್ರೆಂಡ್ ಬೇಡ, ಮ್ಯೂಚುವಲ್ ಫಂಡ್ ಹಾಕು ಅಂತಾನೆ, ಬ್ರೋಕರ್ ಇಸಿ (ಋಣಭಾರ ಪತ್ರ) ಕ್ಲಿಯರ್ ಇದೆ ಅಂತಾನೆ

ನೀವು ಮೂರೂ ಜನಕ್ಕೆ ಕೇಳಿರೋ ಪ್ರಶ್ನೆ ಒಂದೇ, "ತಗೋಬಹುದಾ?" ಅಂತ. ಹಾಗೆ ಕೇಳಿದ್ರೆ ಬರೋದು ಅವರವರ ಸ್ವಭಾವ ಅಷ್ಟೇ ಸರ್, ಧೈರ್ಯಸ್ಥ ತಗೋ ಅಂತಾನೆ, ಪುಕ್ಕಲ ಬೇಡ ಅಂತಾನೆ, ನಿಮ್ಮ ತುಮಕೂರು ಸೈಟ್ ಬಗ್ಗೆ ಅದ್ರಲ್ಲಿ ಏನೂ ಇರಲ್ಲ. ಯಾರು ಏನನ್ನ ಕಣ್ಣಾರೆ ಕಂಡಿದಾರೋ ಅದನ್ನ ಮಾತ್ರ ಅವರ ಹತ್ರ ಕೇಳಿ.

ಮಾವ ಆ ಕಡೆಯವರೇ ಅಂದ್ರಲ್ಲ, ಹಾಗಾದ್ರೆ ಅವರನ್ನ ರೇಟ್ ಕೇಳಿ, ಅದೂ ಬ್ರೋಕರ್ ಹೇಳೋ ರೇಟ್ ಅಲ್ಲ, ಹೋದ ವರ್ಷ ಪಕ್ಕದಲ್ಲಿ ನಿಜವಾಗ್ಲೂ ಮಾರಿದೋರಿಗೆ ಕೈಗೆ ಎಷ್ಟು ಬಂತು ಅಂತ. ಫ್ರೆಂಡ್ ಮ್ಯೂಚುವಲ್ ಫಂಡ್ ಹಾಕು ಅಂತಿದಾನೆ, ಪಾಪ ಅವನು ಸೈಟೇ ನೋಡಿಲ್ಲ, ಕಾಫಿ ಕುಡಿಸಿ ಕಳಿಸಿ.

ಎಲ್ಲರೂ ಬಿಟ್ಟುಬಿಡೋದು ಊರೋರನ್ನ. ಲೇಔಟ್ ಹತ್ರ ಟೀ ಅಂಗಡಿ ಇರುತ್ತಲ್ಲ, ಅಲ್ಲಿ ಕೂತು "ಈ ಜಮೀನು ಮುಂಚೆ ಯಾರ್ದು, ಅವರ ಮಕ್ಳೆಲ್ಲ ಎಲ್ಲಿದಾರೆ, ಮಳೆ ಬಂದ್ರೆ ನೀರು ಯಾವ ಕಡೆ ಹರಿಯುತ್ತೆ" ಅಂತ ಕೇಳಿ. ನಮ್ಮ ಸಂಬಂಧಿಕರೊಬ್ಬರಿಗೆ ಹಿಂಗೇ ಒಬ್ಬ ಅಜ್ಜ "ಅದು ಗ್ರಾಂಟ್ ಜಮೀನು ಕಣಪ್ಪ" ಅಂದ್ರು, ಇವ್ರು ಹೋಗಿ ಸಾಗುವಳಿ ಚೀಟಿ (ಸರ್ಕಾರ ಜಮೀನು ಮಂಜೂರು ಮಾಡಿದ ಪತ್ರ) ತೋರ್ಸಿ ಅಂದ ಮೇಲೆ ಬ್ರೋಕರ್ ಫೋನೇ ಎತ್ಲಿಲ್ಲ. ಎಸ್‌ಸಿ ಎಸ್‌ಟಿ ಕುಟುಂಬಕ್ಕೆ ಸರ್ಕಾರ ಮಂಜೂರು ಮಾಡಿದ ಜಮೀನನ್ನ ಪರ್ಮಿಷನ್ ಇಲ್ದೆ ಮಾರಿದ್ರೆ 1978ರ ಪಿಟಿಸಿಎಲ್ ಕಾಯ್ದೆಯಲ್ಲಿ ಆ ಮಾರಾಟಾನೇ ಅಸಿಂಧು, ನಾಲ್ಕು ಕೈ ಬದಲಾಗಿದ್ರೂ ಎಸಿ (ಉಪವಿಭಾಗಾಧಿಕಾರಿ) ಕೋರ್ಟಲ್ಲಿ ಆ ಕುಟುಂಬದೋರು ವಾಪಸ್ ಕೇಳಬಹುದು, ಕೇಳೋಕೆ ಕಾಲಮಿತಿ ಇಲ್ಲ ಅಂತ 2023ರಲ್ಲಿ ತಿದ್ದುಪಡಿನೂ ಆಯ್ತು. ನನ್ನ ಕೇಳಿದ್ರೆ ಅದು ನ್ಯಾಯವಾದ ಕಾಯ್ದೆನೇ, ಆದ್ರೆ ಗೊತ್ತಿಲ್ದೆ ತಗೊಂಡೋರು ಮಧ್ಯದಲ್ಲಿ ಸಿಕ್ಕಾಕೊಳ್ತಾರೆ.

ಇಸಿ ಕ್ಲಿಯರ್ ಅನ್ನೋದು ಸುಳ್ಳಲ್ಲ, ಪೂರ್ತಿ ನಿಜಾನೂ ಅಲ್ಲ. ಅದ್ರಲ್ಲಿ ಬರೋದು ರಿಜಿಸ್ಟರ್ ಆಗಿರೋದು ಮಾತ್ರ, ಅದೂ ನೀವು ಕೇಳಿದ ಅವಧಿದು ಮಾತ್ರ. ರಿಜಿಸ್ಟರ್ ಮಾಡಿಸ್ದೇ ಇರೋ ಅಗ್ರಿಮೆಂಟ್, ಅಕ್ಕತಂಗೀರು ಭಾಗ ಕೇಳಿ ಹಾಕಿರೋ ದಾವೆ, ಇವೆಲ್ಲ ಸಾಮಾನ್ಯವಾಗಿ ಅದ್ರಲ್ಲಿ ಕಾಣಲ್ಲ. ಪಿತ್ರಾರ್ಜಿತ ಆಸ್ತಿ ಆಗಿದ್ರೆ ವಂಶವೃಕ್ಷ ತರಿಸಿ, ಹೆಣ್ಮಕ್ಕಳ ಸಹಿ ಇದ್ಯಾ ನೋಡಿ, ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರ ತಿದ್ದುಪಡಿ ಆದ್ಮೇಲೆ ಹೆಣ್ಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕು.

ಲಾಯರ್ ವಿಷಯಕ್ಕೆ ಬಂದ್ರೆ, ಬ್ರೋಕರ್ ಕರ್ಕೊಂಡು ಬರೋ ಲಾಯರ್ ಬೇಡ, ಆ ತಾಲೂಕಿನ ಕೋರ್ಟಲ್ಲೇ ಸಿವಿಲ್ ಕೇಸ್ ನಡೆಸೋರನ್ನ ನೀವೇ ಹುಡುಕಿ ಫೀಸ್ ಕೊಟ್ಟು ಮದರ್ ಡೀಡ್ (ಹಳೇ ಮೂಲ ಪತ್ರ), ಪಹಣಿ, ಮ್ಯುಟೇಶನ್ (ಹಕ್ಕು ಬದಲಾದ ದಾಖಲೆ), ಕನ್ವರ್ಶನ್ ಆರ್ಡರ್ (ಕೃಷಿ ಜಮೀನನ್ನ ಬೇರೆ ಬಳಕೆಗೆ ಬದಲಾಯಿಸಿದ ಆದೇಶ), ಖಾತಾ ಎಲ್ಲ ತೋರ್ಸಿ ಬರವಣಿಗೆಯಲ್ಲಿ ಒಪಿನಿಯನ್ ತಗೊಳ್ಳಿ. "ಓಕೆನಾ ಸರ್" ಅನ್ಬೇಡಿ, "ನೀವು ನೋಡೋಕೆ ಆಗ್ದೇ ಇರೋ ದಾಖಲೆ ಯಾವ್ದು" ಅಂತ ಕೇಳಿ. ದುಡ್ಡು ಕೈಯಲ್ಲಿ ಇದ್ರೂ ಬ್ಯಾಂಕ್ ಲೋನಿಗೆ ಒಂದು ಅರ್ಜಿ ಹಾಕಿ ನೋಡಿ, ಅವರ ಲಾಯರ್ ನೋಡೋದು ಬ್ಯಾಂಕಿನ ಹಿತಾನೇ ಬಿಡಿ, ಆದ್ರೆ ಬೇಡ ಅಂದ್ರೆ ಯಾಕೆ ಅಂತ ಬಿಡದೆ ಕೇಳಿ.

ಒಬ್ಬರು ಹೇಳಿದ್ದನ್ನ ಇನ್ನೊಬ್ಬರಿಗೆ ಮೊದ್ಲೇ ಹೇಳ್ಬೇಡಿ, ಹೇಳಿದ್ರೆ ಅವರು ಸೈಟ್ ಬಿಟ್ಟು ಆ ಮಾತಿನ ಮೇಲೇ ವಾದ ಶುರು ಮಾಡ್ತಾರೆ. ಇಷ್ಟು ಮುಗಿಯೋವರೆಗೂ ಟೋಕನ್ ಅಡ್ವಾನ್ಸ್ ಅಂತ ಒಂದ್ರೂಪಾಯಿನೂ ಕೊಡ್ಬೇಡಿ. ನಾಳೆ ಇನ್ನೊಂದ್ ಪಾರ್ಟಿ ಬರ್ತಿದೆ ಅಂತ ಬ್ರೋಕರ್ ಹೇಳೇ ಹೇಳ್ತಾನೆ, ಬರ್ಲಿ ಬಿಡಿ.