ದೂರವಾದ ಕುಟುಂಬಗಳನ್ನು ಸೇರಿಸುವ ಆ್ಯಪ್: ಮೊದಲ ಕರೆಗೆ ಒಂದು ನೆಪ ಬೇಕು

ನಿಮ್ಮ ಪ್ರಶ್ನೆ ಇದು: ಇಂಜಿನಿಯರಿಂಗ್ ಕೊನೆ ವರ್ಷದ ಪ್ರಾಜೆಕ್ಟಿಗೆ ಒಂದು ಮೊಬೈಲ್ ಆ್ಯಪ್ ಮಾಡಬೇಕು ಅಂತಿದೆ. ಊರು ಬಿಟ್ಟು ಮುಂಬಯಿ, ಪುಣೆ, ದುಬೈ ಅಂತ ಚದುರಿ ಹೋದ ಕುಟುಂಬಗಳು ಮತ್ತೆ ಮಾತಾಡುವ ಹಾಗೆ ಆಗಬೇಕು. ವಾಟ್ಸಾಪ್ ಇರುವಾಗ ಇದು ಬೇಕಾ? ಬೇಕಾದರೆ ಎಲ್ಲಿಂದ ಶುರು ಮಾಡುವುದು?

ಬೇಕು. ನಾನು ಮುಂಬಯಿಯಲ್ಲಿ ಆ್ಯಪ್ ಡಿಸೈನ್ ಕೆಲಸ ಮಾಡುವವನು. ಮನೆ ಡೊಂಬಿವಲಿಯಲ್ಲಿ, ಮೂಲ ಉಡುಪಿ ಕಡೆ. ನೀವು ಹೇಳುವ ಕುಟುಂಬಗಳ ನಡುವೆಯೇ ಬೆಳೆದಿದ್ದೇನೆ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಇವತ್ತು ಕುಟುಂಬದ ವಾಟ್ಸಾಪ್ ಗ್ರೂಪ್ ಇಲ್ಲದ ಮನೆ ಸಿಗುವುದು ಕಷ್ಟ. ಬೆಳಿಗ್ಗೆ ಹೂವಿನ ಚಿತ್ರ ಬರುತ್ತದೆ, ಹುಟ್ಟುಹಬ್ಬಕ್ಕೆ ಕೇಕಿನ ಚಿತ್ರ ಬರುತ್ತದೆ. ಅದೇ ಗ್ರೂಪಿನಲ್ಲಿರುವ ಅಣ್ಣತಮ್ಮಂದಿರ ಮಕ್ಕಳು ಮಾತ್ರ ವರ್ಷಗಟ್ಟಲೆ ಒಬ್ಬರಿಗೊಬ್ಬರು ಫೋನ್ ಮಾಡಿರುವುದಿಲ್ಲ. ನಂಬರ್ ಇದೆ, ನೆಟ್ ಇದೆ, ಮನಸ್ಸೂ ಇದೆ. ಇಲ್ಲದಿರುವುದು ನೆಪ. ‘ಇಷ್ಟು ದಿನ ಇಲ್ಲದವನು ಈಗ ಯಾಕೆ ಫೋನ್ ಮಾಡಿದ, ದುಡ್ಡು ಗಿಡ್ಡು ಬೇಕಾ’ ಅಂತ ಅಂದುಕೊಂಡರೆ? ಈ ಸಂಕೋಚ ತುಂಬಾ ಗಟ್ಟಿ. ನಿಮ್ಮ ಆ್ಯಪ್ ಅದನ್ನು ಕರಗಿಸಬೇಕು. ಇನ್ನೊಂದು ಚಾಟ್ ಬೇಡ, ಇನ್ನೊಂದು ಫೋಟೊ ಗೋಡೆ ಬೇಡ. ಒಂದು ಕರೆಗೆ ನೆಪ ಕೊಟ್ಟು ಪಕ್ಕಕ್ಕೆ ಸರಿಯಬೇಕು, ಅಷ್ಟೇ.

ಹಿಂದೆ ನೆಪ ತಾನಾಗಿಯೇ ಸಿಗುತ್ತಿತ್ತು. ಮುಂಬಯಿಯ ಫೋರ್ಟಿನ ಹೋಟೆಲುಗಳಲ್ಲಿ ಹಗಲು ಕೆಲಸ ಮಾಡಿ, ಕನ್ನಡ ರಾತ್ರಿ ಶಾಲೆಯಲ್ಲಿ ಓದಿದ ಹುಡುಗರ ಕಾಲ ನೆನಪು ಮಾಡಿಕೊಳ್ಳಿ. ಊರಿಗೆ ಹೊರಟವನ ಕೈಯಲ್ಲಿ ಹತ್ತು ಮನೆಯ ಪೊಟ್ಟಣ, ಹತ್ತು ಮನೆಯ ಸುದ್ದಿ. ಅವನು ಮನೆ ಮನೆಗೆ ಹೋಗಿ ತಲುಪಿಸಲೇಬೇಕು, ಕೂತು ಚಾ ಕುಡಿಯಲೇಬೇಕು. 1998ರಲ್ಲಿ ಕೊಂಕಣ ರೈಲು ಪೂರ್ತಿ ಶುರುವಾಯಿತು. 2016ರಲ್ಲಿ ಜಿಯೊ ಬಂದ ಮೇಲೆ ಡೇಟಾ ಅಗ್ಗವಾಯಿತು. ಊರು ಹತ್ತಿರವಾಯಿತು, ಆದರೆ ಆ ಚಾ ಕುಡಿಯುವ ನೆಪ ಹೋಯಿತು.

ಹಾಗಾದರೆ ನೆಪ ಎಲ್ಲಿಂದ ತರುವುದು? ನನ್ನ ಪ್ರಕಾರ ಪಂಚಾಂಗದಿಂದ. ಯಾರಿಗಾದರೂ ಫೋನ್ ಮಾಡಲು ಹಿರಿಯರ ತಿಥಿಗಿಂತ, ಕುಟುಂಬದ ಮೂಲಸ್ಥಾನದಲ್ಲಿ ನಡೆಯುವ ನಾಗನ ಪೂಜೆ ತಂಬಿಲಕ್ಕಿಂತ, ಊರ ಮನೆಯ ದೈವದ ನೇಮಕ್ಕಿಂತ ಒಳ್ಳೆಯ ಕಾರಣ ಇಲ್ಲ. ಅಂಥ ದಿನ ಫೋನ್ ಬಂದರೆ ಯಾರೂ ‘ಯಾಕೆ’ ಅಂತ ಕೇಳುವುದಿಲ್ಲ. ಎರಡು ದಿನ ಮೊದಲು ಪರದೆಯ ಮೇಲೆ ಹೀಗೆ ಬರಲಿ: ‘ನಾಡಿದ್ದು ದೊಡ್ಡಪ್ಪನ ತಿಥಿ. ಅವರ ಮಗಳು ನಲ್ಲಸೊಪಾರದಲ್ಲಿದ್ದಾರೆ. ಫೋನ್ ಮಾಡುತ್ತೀರಾ?’ ಕೆಳಗೆ ಒಂದೇ ಬಟನ್. ಒತ್ತಿದರೆ ನೇರ ಕರೆ ಹೋಗಬೇಕು, ಫೋನಿನ ಮಾಮೂಲಿ ಕರೆ.

ಇಲ್ಲೇ ಮೊದಲ ತಾಂತ್ರಿಕ ಕಷ್ಟ ಬರುತ್ತದೆ. ಫೋನಿನ ಕ್ಯಾಲೆಂಡರಿನಲ್ಲಿ ‘ಪ್ರತಿ ವರ್ಷ’ ಅಂತ ಒತ್ತಿದರೆ ಅದೇ ತಾರೀಕಿಗೆ ನೆನಪಿಸುತ್ತದೆ. ತಿಥಿ ಹಾಗೆ ಬರುವುದಿಲ್ಲ ಅಲ್ವಾ? ಸೂರ್ಯ ಚಂದ್ರರ ನಡುವಿನ ಕೋನ 12 ಡಿಗ್ರಿ ಹೆಚ್ಚಾದಾಗಲೆಲ್ಲ ಒಂದು ತಿಥಿ ಮುಗಿಯುತ್ತದೆ, ತಿಂಗಳಿಗೆ 30. ಅದನ್ನು ನೀವೇ ಲೆಕ್ಕ ಹಾಕಬೇಕು. ಸೂರ್ಯ, ಚಂದ್ರ, ಗ್ರಹಗಳ ಸ್ಥಾನ ಲೆಕ್ಕ ಹಾಕಿಕೊಡುವ ಸ್ವಿಸ್ ಎಫೆಮೆರಿಸ್ ಅನ್ನುವ ಕೋಡ್ ಲೈಬ್ರರಿ ಇದಕ್ಕೆ ಸಾಕು, ಆದರೆ ಅದರ ಲೈಸೆನ್ಸ್ ಓದಿಕೊಂಡು ಬಳಸಿ. ನಿಮ್ಮ ಕೋಡ್ ಬಹಿರಂಗ ಮಾಡಬೇಕು, ಇಲ್ಲವೇ ದುಡ್ಡು ಕೊಡಬೇಕು. ಇನ್ನು ಕರಾವಳಿಯ ನೇಮ ಕೋಲಗಳು ತುಳು ತಿಂಗಳ ಸೌರ ಲೆಕ್ಕದಲ್ಲಿ ನಡೆಯುತ್ತವೆ. ನೇಮ ಕೋಲಗಳ ಕಾಲ ಮುಗಿಯುವ ಪತ್ತನಾಜೆ ಬೇಶ ತಿಂಗಳ ಹತ್ತನೇ ದಿನ, ಅಂದರೆ ಮೇ 24ರ ಆಸುಪಾಸು. ಹಾಗಾಗಿ ಚಾಂದ್ರ, ಸೌರ, ಇಂಗ್ಲಿಷ್ ತಾರೀಕು ಈ ಮೂರೂ ನಿಮ್ಮ ಡೇಟಾಬೇಸಿನಲ್ಲಿ ಇರಲಿ. ಶ್ರಾದ್ಧ ಇವತ್ತೋ ನಾಳೆಯೋ ಅನ್ನುವ ಗೊಂದಲ ಬಂದರೆ ಆ್ಯಪ್ ತೀರ್ಮಾನ ಮಾಡುವುದು ಬೇಡ. ಎರಡೂ ದಿನ ತೋರಿಸಿ, ಮನೆಯ ಹಿರಿಯರು ಒಂದನ್ನು ಆರಿಸಲಿ. ಅವರನ್ನು ಕೇಳಬೇಕಾಗಿ ಬರುವುದೇ ಮತ್ತೊಂದು ಕರೆಗೆ ನೆಪ.

ಎರಡನೆಯದು ಧ್ವನಿ. ಮುಂಬಯಿ ಪಕ್ಕದ ಮೀರಾ ರೋಡಿನಲ್ಲಿ ಬೆಳೆದ ಮೊಮ್ಮಗ ಹಿಂದಿ, ಮರಾಠಿ, ಇಂಗ್ಲಿಷ್ ಓದುತ್ತಾನೆ. ಊರಿನ ಅಜ್ಜಿ ಓದಿದರೆ ಕನ್ನಡ ಓದುತ್ತಾರೆ. ಇಬ್ಬರಿಗೂ ತುಳು ಬಾಯಲ್ಲಿ ಬರುತ್ತದೆ. ಇಂಥ ಮನೆಗೆ ಟೈಪ್ ಮಾಡುವ ಪೆಟ್ಟಿಗೆ ಕೊಟ್ಟು ಏನು ಮಾಡುವುದು? ಮಾತಾಡಿ ಕಳಿಸುವುದೇ ಮುಖ್ಯವಾಗಲಿ. ಧ್ವನಿಯ ಫೈಲನ್ನು ಚಿಕ್ಕದು ಮಾಡುವ ಓಪಸ್ ಕೋಡೆಕ್ ಬಳಸಿ ಸೆಕೆಂಡಿಗೆ 16 ಕಿಲೋಬಿಟ್ ಲೆಕ್ಕದಲ್ಲಿ ರೆಕಾರ್ಡ್ ಮಾಡಿದರೆ ಒಂದು ನಿಮಿಷದ ಮಾತಿಗೆ ಸುಮಾರು 120 ಕೆಬಿ. ಮಾತು ಸ್ಪಷ್ಟವಾಗಿ ಕೇಳಿಸುತ್ತದೆ, ಹಳೆ ಫೋನಿಗೂ ಭಾರವಲ್ಲ.

ಬಟನ್ ಹೇಗಿರಬೇಕು ಅನ್ನುವುದನ್ನು ನಮ್ಮ ಚಿಕ್ಕಮ್ಮನ ಪಕ್ಕ ಕೂತು ಕಲಿತೆ. ಅವರು ಒಂದು ಆ್ಯಪಿನಲ್ಲಿ ಮೈಕ್ ಬಟನ್ ಒತ್ತಿ ಹಿಡಿದು ಮಗನಿಗೆ ಮಾತಾಡುತ್ತಿದ್ದರು. ಬೆರಳು ಒಣಗಿದ ಚರ್ಮದ್ದು, ಗಾಜಿನ ಮೇಲೆ ನಿಲ್ಲುವುದಿಲ್ಲ. ಮಾತಿನ ಭರದಲ್ಲಿ ಹೆಬ್ಬೆರಳು ಸ್ವಲ್ಪ ಎಡಕ್ಕೆ ಸರಿಯಿತು. ಅಲ್ಲಿಗೆ ಮೆಸೇಜ್ ರದ್ದು. ಅವರು ಮಾತ್ರ ಹಪ್ಪಳದ ಸುದ್ದಿ, ಬಾವಿಯ ಪಂಪಿನ ಸುದ್ದಿ ಎಲ್ಲ ಹೇಳಿ ಮುಗಿಸಿ, ಫೋನ್ ಕೆಳಗಿಟ್ಟು, ಉತ್ತರಕ್ಕೆ ಕಾಯುತ್ತಾ ಕೂತರು. ಸಂಜೆಯಾದರೂ ಉತ್ತರ ಇಲ್ಲ. ಮಗನಿಗೆ ಸಿಟ್ಟು ಬಂದಿರಬೇಕು ಅಂದರು. ಒಂದು ಬಟನ್ ತಾಯಿ ಮಗನ ನಡುವೆ ಇಷ್ಟು ಮಾಡಬಲ್ಲದು. ಅದಕ್ಕೇ ಹೇಳುತ್ತೇನೆ, ಒತ್ತಿ ಹಿಡಿಯುವುದು ಬೇಡ. ಒಮ್ಮೆ ಒತ್ತಿದರೆ ಶುರು, ಮತ್ತೆ ಒತ್ತಿದರೆ ಮುಗಿಯಿತು. ಹೋಗಿದೆಯೋ ಇಲ್ಲವೋ ಅನ್ನುವುದು ಸಣ್ಣ ಬೂದು ಗುರುತಿನಲ್ಲಿ ಬೇಡ. ‘ನಿಮ್ಮ ಮಾತು ತಲುಪಿತು’ ಅಂತ ಫೋನೇ ಬಾಯಿಬಿಟ್ಟು ಹೇಳಲಿ.

ಹೆಸರುಗಳನ್ನು ಮಾತ್ರ ಓದುವವರ ಲಿಪಿಯಲ್ಲೇ ತೋರಿಸಿ. ಇದು ಅಂದುಕೊಂಡಷ್ಟು ಕಷ್ಟ ಇಲ್ಲ. ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಯೂನಿಕೋಡಿನಲ್ಲಿ ಕನ್ನಡ ಮತ್ತು ದೇವನಾಗರಿ ಅಕ್ಷರಗಳು ಒಂದೇ ಕ್ರಮದಲ್ಲಿ ಕೂತಿವೆ. ಕನ್ನಡದ ‘ಕ’ದ ಸಂಖ್ಯೆಯಿಂದ 896 ಕಳೆದರೆ ದೇವನಾಗರಿಯ ‘ಕ’ ಸಿಗುತ್ತದೆ. ಉಳಿದ ಅಕ್ಷರಗಳದ್ದೂ ಹೆಚ್ಚುಕಡಿಮೆ ಹಾಗೆಯೇ. ತೊಂದರೆ ಇರುವುದು ಹ್ರಸ್ವ ಎ, ಒ ಮತ್ತು ಅವುಗಳ ಚಿಹ್ನೆಗಳಲ್ಲಿ. ಮರಾಠಿ ಓದುವವರಿಗೆ ಆ ಗುರುತುಗಳ ಪರಿಚಯ ಇಲ್ಲ. ಅಲ್ಲಿ ಸಿಕ್ಕ ಸಂಖ್ಯೆಗೆ 1 ಕೂಡಿಸಿ ದೀರ್ಘಕ್ಕೆ ಬದಲಾಯಿಸಿ. ಇಷ್ಟು ಮಾಡದಿದ್ದರೆ ಮುಂಬಯಿಯಲ್ಲಿ ಮೊದಲು ಕೆಡುವ ಹೆಸರೇ ‘ಶೆಟ್ಟಿ’. ಇನ್ನೊಂದು ವಿಷಯ, ಕನ್ನಡಕ್ಕೆ ಸಾಲಿನ ಎತ್ತರ ಜಾಸ್ತಿ ಕೊಡಿ, ಅಕ್ಷರದ ಅಳತೆಯ ಒಂದೂವರೆ ಪಟ್ಟಾದರೂ ಇರಲಿ. ಇಂಗ್ಲಿಷಿಗೆ ಅಂತ ಮಾಡಿದ ಬಟನ್ನಿನಲ್ಲಿ ಒತ್ತಕ್ಷರದ ಕೆಳಭಾಗ ಕತ್ತರಿಸಿ ಹೋಗುತ್ತದೆ. ‘ಅಣ್ಣ’ ಅಂತ ಬರೆದದ್ದು ‘ಅಣ’ ಆಗಿ ಕಾಣಿಸುತ್ತದೆ.

ವಂಶವೃಕ್ಷ ಹಾಕುತ್ತೀರಿ ಅಂದರೆ ಅಪ್ಪನ ಕಡೆಯಿಂದಲೇ ಶುರು ಮಾಡಬೇಡಿ. ತುಳುನಾಡಿನ ಅಳಿಯಕಟ್ಟಿನ, ಅಂದರೆ ತಾಯಿಯ ಕಡೆಯಿಂದ ವಂಶ ಎಣಿಸುವ ಕುಟುಂಬಗಳಲ್ಲಿ ‘ಬರಿ’ (ಗೋತ್ರದ ಹಾಗೆ) ತಾಯಿಯಿಂದ ಬರುತ್ತದೆ, ಕುಟುಂಬದ ಮನೆ ಅಂದರೆ ತಾಯಿಯ ಕಡೆಯ ಮನೆ. ಮರದ ಬುಡ ಯಾರು ಅನ್ನುವುದನ್ನು ಆಯಾ ಕುಟುಂಬವೇ ಹೇಳಲಿ. ಮಾಹಿತಿಯನ್ನು ಜೆಡ್‌ಕಾಮ್ ರೂಪದಲ್ಲಿ ಹೊರಗೆ ತೆಗೆಯುವ ಅವಕಾಶವೂ ಇರಲಿ. ವಂಶಾವಳಿ ಮಾಹಿತಿಗೆ 1984ರಿಂದ ಇರುವ ರೂಪ ಅದು, ನಿಮ್ಮ ಆ್ಯಪ್ ನಿಂತುಹೋದರೂ ಹೆಸರುಗಳು ಉಳಿಯುತ್ತವೆ. ಮತ್ತೆ, ಫೋನ್ ನಂಬರನ್ನೇ ವ್ಯಕ್ತಿಯ ಗುರುತು ಮಾಡಬೇಡಿ. 90 ದಿನ ಬಳಸದಿದ್ದರೆ ಸಿಮ್ ಬಂದ್ ಆಗಬಹುದು, ಆಮೇಲೆ ಆ ನಂಬರ್ ಯಾರಿಗೋ ಹೋಗುತ್ತದೆ. ತೀರಿಕೊಂಡ ಮಾವನ ನಂಬರಿನಿಂದ ಅಪರಿಚಿತರ ಫೋಟೊ ಬಂದರೆ ಮನೆಯವರಿಗೆ ಎಷ್ಟು ಸಂಕಟ ಆಗಬಹುದು, ಯೋಚಿಸಿ.

ಈಗ ನಾನು ಎಲ್ಲಕ್ಕಿಂತ ಜಾಸ್ತಿ ಒತ್ತಿ ಹೇಳಬೇಕಾದ ಮಾತು. ‘ಕಳೆದುಹೋದ ನೆಂಟರನ್ನು ಹುಡುಕಿ’ ಅನ್ನುವ ಭಾಗ ಸೇರಿಸುವ ಆಸೆ ನಿಮಗೆ ಬಂದೇ ಬರುತ್ತದೆ. ದಯವಿಟ್ಟು ಹುಷಾರಾಗಿರಿ. ಮುಂಬಯಿಗೆ ಬಂದವರೆಲ್ಲ ಹೊಟ್ಟೆಪಾಡಿಗೆ ಮಾತ್ರ ಬಂದವರಲ್ಲ. ಬೇರೆ ಜಾತಿಯ ಹುಡುಗನನ್ನು ಮದುವೆಯಾಗಿ ಬಂದವರಿದ್ದಾರೆ. ಹೊಡೆಯುವ ಗಂಡನನ್ನು ಬಿಟ್ಟು ಮಗುವಿನ ಜೊತೆ ಬಂದವರಿದ್ದಾರೆ. ಆಸ್ತಿ ಜಗಳದಲ್ಲಿ ಜೀವಭಯದಿಂದ ಊರು ಬಿಟ್ಟವರಿದ್ದಾರೆ. ಇವರಿಗೆ ದೂರವೇ ರಕ್ಷಣೆ. ನಿಮ್ಮ ಹುಡುಕುವ ಪೆಟ್ಟಿಗೆ ಅವರ ವಿಳಾಸವನ್ನು ತಪ್ಪು ಕೈಗೆ ಕೊಡಬಾರದು.

2008ರಲ್ಲಿ ಡೆನ್ಮಾರ್ಕಿನಲ್ಲಿ ಶುರುವಾದ ರೆಫ್ಯುನೈಟ್ ಅನ್ನುವ ಸಂಸ್ಥೆ ಯುದ್ಧದಲ್ಲಿ ಚದುರಿದ ನಿರಾಶ್ರಿತರನ್ನು ಮನೆಯವರ ಜೊತೆ ಸೇರಿಸಲು ಕೆಲಸ ಮಾಡಿತು. ಸಾದಾ ಫೋನಿನ ಎಸ್ಸೆಮ್ಮೆಸ್‌ನಲ್ಲೂ ಅದು ನಡೆಯುತ್ತಿತ್ತು. ಅಲ್ಲಿ ನಿಜ ಹೆಸರು ಕೊಡಲೇಬೇಕು ಅಂತಿರಲಿಲ್ಲ. ಮನೆಯಲ್ಲಿ ಕರೆಯುವ ಹೆಸರು, ಮೈಮೇಲಿನ ಗಾಯದ ಗುರುತು, ಹೀಗೆ ತನ್ನವರಿಗೆ ಮಾತ್ರ ಗೊತ್ತಿರುವ ವಿವರ ಕೊಟ್ಟರೆ ಸಾಕಿತ್ತು. ಅದನ್ನು ನೀವೂ ಅನುಸರಿಸಿ. ಎರಡೂ ಕಡೆಯವರು ಒಪ್ಪುವ ತನಕ ಹೆಸರು, ಊರು, ನಂಬರ್ ಯಾವುದೂ ಕಾಣಬಾರದು. ಒಬ್ಬರು ‘ಬೇಡ’ ಅಂದರೆ ಹುಡುಕಿದವರಿಗೆ ‘ಸಿಗಲಿಲ್ಲ’ ಅಂತ ಮಾತ್ರ ತೋರಿಸಿ. ‘ನಿರಾಕರಿಸಿದರು’ ಅಂತ ತೋರಿಸಿದರೆ ಅವರು ಬದುಕಿದ್ದಾರೆ, ಈ ಆ್ಯಪ್ ಬಳಸುತ್ತಿದ್ದಾರೆ ಅನ್ನುವುದನ್ನು ನೀವೇ ಹೇಳಿಕೊಟ್ಟ ಹಾಗಾಯಿತು. ಸಮಯ ಸಾಲದಿದ್ದರೆ ಈ ಭಾಗವನ್ನೇ ಕೈಬಿಡಿ, ಅರ್ಧಂಬರ್ಧ ಮಾಡಬೇಡಿ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣೆ ಕಾಯ್ದೆಯನ್ನೂ ಓದಿಕೊಳ್ಳಿ. 18 ವರ್ಷದ ಒಳಗಿನವರ ಮಾಹಿತಿಗೆ ತಂದೆ ತಾಯಿಯ ಒಪ್ಪಿಗೆ ಬೇಕು.

ಎಲ್ಲಿಂದ ಶುರು ಮಾಡುವುದು ಅಂತ ಕೇಳಿದ್ದೀರಿ. ಲ್ಯಾಪ್‌ಟಾಪ್ ತೆರೆಯುವ ಮೊದಲು ಒಬ್ಬರನ್ನು ಹುಡುಕಿ. ಎಲ್ಲರ ನಂಬರ್, ಯಾರ ಮನೆಗೆ ಯಾರು ಬರುವುದಿಲ್ಲ, ಯಾರ ತಿಥಿ ಯಾವತ್ತು, ಎಲ್ಲ ನೆನಪಿರುವ ಒಬ್ಬರು ಪ್ರತಿ ಕುಟುಂಬದಲ್ಲೂ ಇರುತ್ತಾರೆ. ಹೆಚ್ಚಾಗಿ ಒಬ್ಬ ಅತ್ತೆಯೋ ದೊಡ್ಡಮ್ಮನೋ ಆಗಿರುತ್ತಾರೆ. ನಿಮ್ಮ ಮನೆಯಲ್ಲಿ ಅಂಥವರು ಇಲ್ಲದಿದ್ದರೆ ಮಾಟುಂಗಾದ ಮೈಸೂರು ಅಸೋಸಿಯೇಶನ್, ಕುರ್ಲಾದ ಬಂಟರ ಸಂಘ, ಸಾಂತಾಕ್ರೂಜಿನ ಬಿಲ್ಲವ ಭವನ, ಇಂಥ ಕಡೆ ಕಾರ್ಯಕ್ರಮ ಇರುವ ದಿನ ಹೋಗಿ. ಊಟದ ಹೊತ್ತಿಗೆ ಹಿರಿಯರ ಪಕ್ಕ ಸುಮ್ನೆ ಕೂತರೆ ಸಾಕು, ಅವರೇ ಮಾತು ಶುರು ಮಾಡುತ್ತಾರೆ. ಅಂಥ ಒಬ್ಬ ಹಿರಿಯರು ಒಪ್ಪಿದರೆ ಅವರು ಹೇಳಿದ್ದನ್ನೆಲ್ಲ ಧ್ವನಿಯಲ್ಲೇ ದಾಖಲಿಸಿ, ತಾರೀಕುಗಳನ್ನು ಬರೆದುಕೊಳ್ಳಿ. ನಿಮ್ಮ ಮೊದಲ ಡೇಟಾ ಅದು. ಮೊದಲ ಬಳಕೆದಾರರೂ ಅವರೇ ಆಗಲಿ.

ಪರೀಕ್ಷೆಗೆ ಊರ ರೈಲು ಹತ್ತಿ. ರತ್ನಾಗಿರಿ ಹತ್ತಿರದ ಕರ್ಬುಡೆ ಸುರಂಗ 6.5 ಕಿಲೋಮೀಟರ್ ಉದ್ದ. ಅದರೊಳಗೆ ರೆಕಾರ್ಡ್ ಮಾಡಿದ ಮಾತು ಹೊರಗೆ ಬಂದ ಮೇಲೆ ತಾನಾಗಿ ಹೋಗುತ್ತದಾ ನೋಡಿ. ಐಫೋನಿಗೆ, ವಿಡಿಯೊಗೆ, ಎಐಗೆ ಈಗ ಕೈಹಾಕಬೇಡಿ. ಒಂದೇ ಕುಟುಂಬದ ಮೂರು ನಾಲ್ಕು ಮನೆಗೆ ಕೊಟ್ಟು, ಒಂದು ತಿಂಗಳಾದ ಮೇಲೆ ಯಾರು ಯಾರಿಗೆ ಫೋನ್ ಮಾಡಿದರು ಅಂತ ಕೇಳಿ ಬರೆದಿಡಿ. ನಿಮ್ಮ ಪ್ರಾಜೆಕ್ಟ್ ವರದಿಗೆ ಬೇಕಾದ ಅಂಕಿ ಅದೇ. ತಿಥಿ ಲೆಕ್ಕದ ಕೋಡಿನಲ್ಲಿ ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಇಲ್ಲೇ ಕೆಳಗೆ ಕೇಳಿ, ನೋಡಿ ಹೇಳುತ್ತೇನೆ.