ಒಬ್ಬನೇ ಹಳ್ಳಿಗಳ ನಡುವೆ ನೂರಾರು ಕಿಲೋಮೀಟರ್ ನಡೆಯಬಹುದೇ?

ಹತ್ತು ದಿನ ಬಿಡುವಿದೆ, ಬೆಟ್ಟ ಹತ್ತುವ ಆಸೆಯಿಲ್ಲ, ಊರು ಹಳ್ಳಿಗಳ ನಡುವೆ ಒಬ್ಬನೇ ದೂರ ನಡೆಯಬೇಕು ಅನ್ನಿಸಿದೆ, ನಮ್ಮ ಕಡೆ ಇದು ಆಗುವ ಮಾತೇ ಎಂದು ಕೇಳಿದ್ದೀರಿ. ರಾತ್ರಿ ಎಲ್ಲಿ ಮಲಗುವುದು, ಯಾರಾದರೂ ತಡೆದು ಕೇಳಿದರೆ ಏನು ಹೇಳುವುದು ಅಂತಲೂ ಕೇಳಿದ್ದೀರಿ.

ಆಗುತ್ತದೆ. ನಾನು ಕೊಪ್ಪಳದಿಂದ ಬಾದಾಮಿ ಪಕ್ಕದ ಬನಶಂಕರಿಯವರೆಗೆ ನಡೆದಿದ್ದೇನೆ. ಕುಕನೂರು, ಇಟಗಿ, ಲಕ್ಕುಂಡಿ, ಗದಗ, ರೋಣ, ಹೀಗೆ. ಒಂಬತ್ತು ದಿನ, ಸುತ್ತಾಟವೂ ಸೇರಿ ಫೋನಿನ ಲೆಕ್ಕದಲ್ಲಿ 172 ಕಿ.ಮೀ. ಆಗ ನನಗೆ 44 ವರ್ಷ. ಅಂಥ ಗಟ್ಟಿ ಆಳೇನಲ್ಲ. ಮಲಗುವ ಜಾಗ, ಊಟ, ನೀರು, ಇವೆಲ್ಲ ನೀವು ಹೆದರಿದಷ್ಟು ಕಷ್ಟವಲ್ಲ. ನಿಜವಾಗಿ ಕಷ್ಟವಾದದ್ದು ನಿಮ್ಮ ಕೊನೆಯ ಪ್ರಶ್ನೆ: ಏನು ಹೇಳುವುದು?

ಮೊದಲ ದಿನ ಕೊಪ್ಪಳದಿಂದ ಭಾನಾಪುರದ ಕಡೆಗೆ ಹೆದ್ದಾರಿಯಲ್ಲೇ ನಡೆದೆ. ಅದು ದಡ್ಡತನ. ಲಾರಿಗಳ ಗಾಳಿಗೆ ಟೋಪಿ ಎರಡು ಸಲ ಹಾರಿತು. ಆದರೆ ಲಾರಿಗಿಂತ ಹೆಚ್ಚು ಕಾಡಿದ್ದು ಬೈಕಿನವರ ಒಳ್ಳೆಯತನ. ಹತ್ತು ನಿಮಿಷಕ್ಕೊಬ್ಬರು ನಿಲ್ಲಿಸುತ್ತಿದ್ದರು. "ಯಾಕ್ರೀ ಸರ, ಗಾಡಿ ಕೆಟ್ಟೈತೇನು? ಹತ್ರಿ, ಬಿಡ್ತೀನಿ." ಬೇಡ, ನಡೆದೇ ಹೋಗುತ್ತೇನೆ ಅಂದರೆ ಮುಖ ಸಣ್ಣದಾಗುತ್ತಿತ್ತು. ತಮ್ಮ ಬೈಕು ಇವನಿಗೆ ಸಾಲದಾಯಿತೇನೋ ಅನ್ನುವ ಹಾಗೆ. ಒಬ್ಬ ಹುಡುಗನಂತೂ ಅರ್ಧ ಕಿಲೋಮೀಟರ್ ನನ್ನ ಜೊತೆಗೇ ಬೈಕನ್ನು ಮೆಲ್ಲಗೆ ಬಿಟ್ಟುಕೊಂಡು ಬಂದ, ಮನಸ್ಸು ಬದಲಾಯಿಸುತ್ತೇನೆಂದು.

ಸಂಜೆ ಹೊತ್ತಿಗೆ ವಿವರಿಸಿ ವಿವರಿಸಿ ಸಾಕಾಗಿತ್ತು. ಚಹದಂಗಡಿಯಲ್ಲಿ ಒಬ್ಬ ಹಿರಿಯರು ತಾವಾಗಿಯೇ ದಾರಿ ತೋರಿಸಿದರು: "ಹರಕಿ ಐತೇನ್ರಿ?" ಹೂಂ ಅಂದುಬಿಟ್ಟೆ. ಯಾವ ದೇವರಿಗೆ? ಹೋಗುತ್ತಿದ್ದದ್ದು ಬಾದಾಮಿ ಕಡೆಗಾದ್ದರಿಂದ ಬನಶಂಕರಿ ಅಂದೆ. ಅಂಗಡಿಯ ಚಹರೆಯೇ ಬದಲಾಯಿತು. ಚಹದ ದುಡ್ಡು ತೆಗೆದುಕೊಳ್ಳಲಿಲ್ಲ, ಹನುಮಪ್ಪನ ಗುಡಿಯ ಕಟ್ಟೆಯಲ್ಲಿ ಮಲಗಲು ಜಾಗವಾಯಿತು, ಹಾಸಲು ಯಾರದೋ ಮನೆಯಿಂದ ಜಮಖಾನೆ ಬಂತು. ಇಷ್ಟು ಸುಲಭವಾ ಅಂದುಕೊಂಡೆ. ಸುಲಭವಿರಲಿಲ್ಲ, ಅದನ್ನು ಮುಂದೆ ಹೇಳುತ್ತೇನೆ.

ಮೊದಲು ಕಾಲ. ಈ ಸೀಮೆಯಲ್ಲಿ ನಡೆಯುವುದಾದರೆ ಡಿಸೆಂಬರ್ ಅಥವಾ ಜನವರಿ. ಮಳೆಗಾಲದಲ್ಲಿ ಎರೆಭೂಮಿಗೆ ಕಾಲಿಡಬೇಡಿ, ನಾಲ್ಕು ಹೆಜ್ಜೆಗೆ ಒಂದೊಂದು ಬೂಟಿಗೂ ಮುದ್ದೆ ಗಾತ್ರದ ಮಣ್ಣು ಮೆತ್ತಿಕೊಳ್ಳುತ್ತದೆ. ಮಾರ್ಚ್ ಕಳೆದರೆ ನೆರಳಿಲ್ಲ. ನಮ್ಮ ಮಂಡ್ಯದ ಕಡೆಯ ಹಾಗೆ ಸಾಲುಮರ, ನಾಲೆ, ತೋಟ ಎಂದು ಎಣಿಸಬೇಡಿ. ದಿಗಂತದವರೆಗೆ ಕಪ್ಪು ನೆಲ, ಅದರ ಮೇಲೆ ಕಡಲೆ, ಹಿಂಗಾರಿ ಜೋಳ, ಕುಸುಬೆ, ನಡುವೆ ಗಾಳಿ ಫ್ಯಾನುಗಳು. ಆ ಫ್ಯಾನುಗಳು ಮನುಷ್ಯನ ತಾಳ್ಮೆ ಪರೀಕ್ಷಿಸಲೆಂದೇ ನಿಂತಿವೆ. ಬೆಳಿಗ್ಗೆ ಕಂಡದ್ದು ಮಧ್ಯಾಹ್ನವಾದರೂ ಹತ್ತಿರ ಬರುವುದಿಲ್ಲ.

ನಸುಕಿನ ಐದೂವರೆಗೆ ಹೊರಟು ಹನ್ನೊಂದಕ್ಕೆ ನಿಲ್ಲುತ್ತಿದ್ದೆ. ಮತ್ತೆ ನಾಲ್ಕರಿಂದ ಆರು. ದಿನಕ್ಕೆ ಇಪ್ಪತ್ತು ಕಿ.ಮೀ. ಸಾಕು. ಮೂವತ್ತು ಹೊಡೆಯುತ್ತೇನೆಂದು ಎರಡನೇ ದಿನ ಹಟ ಮಾಡಿದ್ದಕ್ಕೆ ಎರಡೂ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದವು. ಬೂಟು ಒಂದು ಅಳತೆ ದೊಡ್ಡದಿರಲಿ, ಹೊಸದಂತೂ ಬೇಡವೇ ಬೇಡ. ಬ್ಯಾಗು ಆರು ಕೆ.ಜಿ. ಮೀರದಿರಲಿ. ನಾನು ಯಾರೋ ಹೇಳಿದರೆಂದು ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನೂ ಅರ್ಧ ಕತ್ತರಿಸಿಕೊಂಡು ಹೋಗಿದ್ದೆ. ಇದು ನೆನಪಿರಲಿ.

ನೀರಿನ ವಿಷಯದಲ್ಲಿ ಮಾತ್ರ ಹುಷಾರು. ಕೊಪ್ಪಳ, ಗದಗ ಜಿಲ್ಲೆಗಳ ಎಷ್ಟೋ ಊರುಗಳ ಕೊಳವೆಬಾವಿಯಲ್ಲಿ ಫ್ಲೋರೈಡ್ ಜಾಸ್ತಿ. ಊರವರೇ ಕುಡಿಯುವುದಕ್ಕೆ ಅದನ್ನು ಬಳಸದೆ ಶುದ್ಧ ನೀರಿನ ಘಟಕದಿಂದ ಕೊಡ ತುಂಬಿಕೊಂಡು ಬರುತ್ತಾರೆ. ಅಲ್ಲಿ ನಾಣ್ಯ ಹಾಕಿದರೆ ಒಂದೇ ಸಲಕ್ಕೆ ಇಪ್ಪತ್ತು ಲೀಟರ್ ಸುರಿಯುತ್ತದೆ. ನಿಮ್ಮ ಕೈಯಲ್ಲಿರುವುದು ಒಂದು ಲೀಟರಿನ ಬಾಟಲಿ. ಯಾರಾದರೂ ಕೊಡ ಹಿಡಿದು ಬರುವವರೆಗೆ ಕಾದು, ನಾಣ್ಯ ನೀವು ಹಾಕಿ, ಬಾಟಲಿ ತುಂಬಿಸಿಕೊಂಡು ಉಳಿದದ್ದನ್ನು ಅವರಿಗೆ ಬಿಡಿ. ಇದರಿಂದ ಆಗುವ ಪರಿಚಯ ಬೇರೆ ಯಾವುದರಿಂದಲೂ ಆಗುವುದಿಲ್ಲ. ಎರಡು ಸಲ ಊಟ, ಒಂದು ಸಲ ಮಲಗುವ ಜಾಗ ನನಗೆ ಸಿಕ್ಕಿದ್ದು ಆ ಘಟಕದ ಮುಂದೆಯೇ.

ಮಲಗುವುದಕ್ಕೆ ಹಳ್ಳಿಯಲ್ಲಿ ಗುಡಿ, ಪಟ್ಟಣದಲ್ಲಿ ಲಾಡ್ಜು. ಊರಿಗೆ ಕತ್ತಲಾದ ಮೇಲೆ ಹೋಗಬೇಡಿ. ಬೆಳಕಿರುವಾಗಲೇ ಚಹದಂಗಡಿಯಲ್ಲಿ ಕೂತು ಎಲ್ಲರ ಕಣ್ಣಿಗೆ ಬೀಳಿ, ಕೇಳುವ ಮುಂಚೆಯೇ ಆಧಾರ್ ಕಾರ್ಡು ತೋರಿಸಿ. ಗದಗದಲ್ಲಿ ಒಂದು ದಿನ ಪೂರ್ತಿ ಉಳಿದೆ. ವೀರೇಶ್ವರ ಪುಣ್ಯಾಶ್ರಮದ ದಾಸೋಹದಲ್ಲಿ ಉಂಡೆ. ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು ಕಣ್ಣಿಲ್ಲದ ಮಕ್ಕಳಿಗೆ ಸಂಗೀತ ಕಲಿಸಿ ಬೆಳೆಸಿದ ಜಾಗ. ಒಳಗೆಲ್ಲೋ ತಬಲಾ, ಇನ್ನೆಲ್ಲೋ ಹಾರ್ಮೋನಿಯಂ, ಒಂದರ ತಾಳಕ್ಕೆ ಇನ್ನೊಂದು ಸೇರದೆ. ಬೊಬ್ಬೆಯ ಕಾಲು ಚಾಚಿಕೊಂಡು ಆ ಗದ್ದಲ ಕೇಳುತ್ತ ಕೂತಷ್ಟು ಹೊತ್ತು ಇಡೀ ದಾರಿಯಲ್ಲಿ ಎಲ್ಲೂ ಕೂರಲಿಲ್ಲ.

ಗುಡಿಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಎಲ್ಲ ಕಡೆ ಸಿಗುತ್ತದೆ. ಲಕ್ಕುಂಡಿಯಲ್ಲಿ ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬಸದಿಯಿದೆ, ನೋಡಿ. ಇಟಗಿಯ ಮಹಾದೇವ ಗುಡಿಯನ್ನು ಮಾತ್ರ ನಡೆದೇ ಹೋಗಿ ನೋಡಬೇಕು ಎನ್ನುತ್ತೇನೆ. 1112ರಲ್ಲಿ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ್ದು. ಅಲ್ಲಿನ ಶಾಸನವೇ ಅದನ್ನು ದೇವಾಲಯಗಳ ಚಕ್ರವರ್ತಿ ಎಂದು ಕರೆಯುತ್ತದೆ. ಕಾರಿನಲ್ಲಿ ಬಂದವರಿಗೆ ಅದು ಇನ್ನೊಂದು ಗುಡಿ. ಎರಡು ಗಂಟೆ ಬರೀ ಕಡಲೆ ಹೊಲ ನೋಡಿಕೊಂಡು ಬಂದವನಿಗೆ, ಆ ಕಲ್ಲಿನ ಕುಸುರಿ ಎದುರಾದಾಗ ಸ್ವಲ್ಪ ಹೊತ್ತು ಏನನ್ನು ನೋಡುವುದೆಂದೇ ತಿಳಿಯುವುದಿಲ್ಲ.

ಈಗ ಹರಕೆಯ ಕತೆಗೆ ಬರುತ್ತೇನೆ.

ಇಟಗಿ ಬಿಟ್ಟ ಮರುದಿನ ಎಳ್ಳಮಾವಾಸ್ಯೆ. ನನಗೆ ಗೊತ್ತೇ ಇರಲಿಲ್ಲ, ನಮ್ಮ ಕಡೆ ಅದು ಅಷ್ಟು ದೊಡ್ಡ ಹಬ್ಬವಲ್ಲ. ಅಲ್ಲಿ ಇಡೀ ಊರು ಹೊಲದಲ್ಲಿರುತ್ತದೆ. ಗಾಡಿ, ಟ್ರ್ಯಾಕ್ಟರ್ ಕಟ್ಟಿಕೊಂಡು ಬುತ್ತಿಯೊಂದಿಗೆ ಬಂದು, ಬೆಳೆಗೆ ಪೂಜೆ ಮಾಡಿ, ಅಡುಗೆಯಲ್ಲೇ ಸ್ವಲ್ಪ ಹೊಲದ ತುಂಬ ಚರಗ ಚೆಲ್ಲಿ, ಆಮೇಲೆ ಕೂತು ಉಣ್ಣುತ್ತಾರೆ. ಬೊಬ್ಬೆ ಉರಿಯುತ್ತಿದ್ದುದರಿಂದ ಬೂಟು ಬಿಚ್ಚಿ ಬ್ಯಾಗಿಗೆ ಕಟ್ಟಿ, ಹವಾಯಿ ಚಪ್ಪಲಿಯಲ್ಲಿ ಬಂಡಿದಾರಿ ಹಿಡಿದಿದ್ದೆ. ಜಾಲಿಮುಳ್ಳು ಚಪ್ಪಲಿ ತೂತು ಮಾಡಿಕೊಂಡು ಅಂಗಾಲಿಗೆ ನೆಟ್ಟಿತು. ಕುಂಟುವುದನ್ನು ನೋಡಿ ಬದುವಿನ ಆಚೆಯಿಂದ ಒಬ್ಬ ಅಜ್ಜಿ ಕೂಗಿದರು. ಹೋದೆ. ಅಜ್ಜಿ ಸೊಂಟದ ಪಿನ್ನು ತೆಗೆದು ಮುಳ್ಳು ಕೀಳುವುದು, ಮೊಮ್ಮಗ ಎಕ್ಕದ ಎಲೆ ಮುರಿದು ತರುವುದು, ಅದರ ಹಾಲು ಹಚ್ಚುವುದು, ಎಲ್ಲ ಐದು ನಿಮಿಷದಲ್ಲಿ ಮುಗಿಯಿತು. ಆಮೇಲೆ ಎಲೆ ಹಾಕಿದರು. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಗುರೆಳ್ಳು ಚಟ್ನಿ, ಶೇಂಗಾ ಹೋಳಿಗೆ, ಮೊಸರನ್ನ. ಸಾಕು ಎನ್ನುವುದಕ್ಕೆ ಆ ಕಡೆಯವರ ಕಿವಿ ಕೇಳಿಸುವುದಿಲ್ಲ.

"ಎಲ್ಲಿಗೆ ಹೊಂಟೀರಿ?" ಅಭ್ಯಾಸವಾಗಿತ್ತು, ಬನಶಂಕರಿಗೆ ಹರಕೆ ಅಂದೆ.

ಅಜ್ಜಿ ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು. "ಬನದ ಹುಣ್ಣಿಮಿಗೆ ಇನ್ನಾ ಹದಿನೈದು ದಿನ ಐತಲ್ಲೋ ತಮ್ಮಾ. ಜಾತ್ರಿ ಬಿಟ್ಟು ಈಗ್ಯಾಕ ಹೊಂಟಿ?" ನನ್ನಲ್ಲಿ ಉತ್ತರವಿರಲಿಲ್ಲ. ಜಾತ್ರೆ ಯಾವಾಗ ಅನ್ನುವುದನ್ನೂ ತಿಳಿಯದೆ ಹರಕೆ ಹೊತ್ತ ಭಕ್ತ! ರಜೆ ಸಿಗಲಿಲ್ಲ ಅಂತ ಏನೋ ತೊದಲಿದೆ. ಅವರು ನಂಬಿದರೋ ಇಲ್ಲವೋ, ಮೊಮ್ಮಗನನ್ನು ಬೈಕಿನಲ್ಲಿ ಮನೆಗೆ ಓಡಿಸಿದರು. ಅವನು ತಂದದ್ದು ಒಂದು ಗುಳೇದಗುಡ್ಡದ ಖಣ, ಒಂದು ತೆಂಗಿನಕಾಯಿ, ಬಟ್ಟೆಯ ಗಂಟಿನಲ್ಲಿ ಅಕ್ಕಿ, ಹನ್ನೊಂದು ರೂಪಾಯಿ. "ಮೊಣಕಾಲು ಹ್ವಾದ್ವು, ನನಗ ಹೋಗಾಕ ಆಗಂಗಿಲ್ಲ. ಅವ್ವಗ ಉಡಿ ತುಂಬಿಸು. ಪರಸಾದ ಮುಟ್ಟಸು ಮತ್ತ."

ಬ್ರಷ್ಷಿನ ಹಿಡಿ ಕತ್ತರಿಸಿ ಹಗುರ ಮಾಡಿದ ಬ್ಯಾಗಿಗೆ ಮುಕ್ಕಾಲು ಕೆ.ಜಿ.ಯ ತೆಂಗಿನಕಾಯಿ ಬಂತು. ಪಕ್ಕದ ಹೊಲದವರು ನೋಡಿದರು, ಅವರದೂ ಒಂದು. ರೋಣ ತಲುಪುವಾಗ ಮೂರು ಕಾಯಿ, ಎರಡು ಖಣ, ಎಂಬತ್ತೆರಡು ರೂಪಾಯಿ ನನ್ನ ಹೆಗಲ ಮೇಲಿದ್ದವು. ಯಾವ ದುಡ್ಡು ಯಾರದೆಂದು ಫೋನಿನಲ್ಲಿ ಬರೆದಿಟ್ಟುಕೊಂಡಿದ್ದೆ.

ಇನ್ನು ಸುಳ್ಳು ಬೇಡ ಅಂತ ಗದಗ ದಾಟಿದ ಮೇಲೆ ನಿಜ ಹೇಳಲು ಶುರುಮಾಡಿದೆ. ಅದರ ಪಾಡೂ ಕೇಳಿ. ಅಬ್ಬಿಗೇರಿ ದಾಟಿ ಒಂದು ಕಟ್ಟೆಯ ಮೇಲೆ ಕೂತಿದ್ದಾಗ ಒಬ್ಬ ಮುದುಕರು ವಿಚಾರಿಸಿದರು. ಹರಕೆಯಿಲ್ಲ, ಸುಮ್ಮನೆ ನಡೆಯಬೇಕು ಅನ್ನಿಸಿತು ಅಂದೆ. "ಸುಮ್ನ ಯಾರರ ನಡೀತಾರೇನು?" ಸ್ವಲ್ಪ ಯೋಚಿಸಿ, ದನಿ ತಗ್ಗಿಸಿ, "ಮನ್ಯಾಗ ಜಗಳಾ ಆಗೇತೇನು?" ಇಲ್ಲ ಎಂದಷ್ಟೂ ಅವರಿಗೆ ಖಾತ್ರಿಯಾಗುತ್ತ ಹೋಯಿತು. ಸಂಸಾರ ಅಂದಮೇಲೆ ಇರುವುದೇ ಎಂದು ಅರ್ಧ ಗಂಟೆ ಬುದ್ಧಿ ಹೇಳಿ, ಅವರ ಎದುರಿಗೇ ಹೆಂಡತಿಗೆ ಫೋನ್ ಮಾಡಿಸಿ, ತಾವೂ ಮಾತಾಡಿ, "ಬರ್ತಾನವ್ವಾ, ಹಟಾ ಮಾಡಬ್ಯಾಡ" ಅಂತ ಹೇಳಿಯೇ ಬಿಟ್ಟರು. ನನ್ನ ಹೆಂಡತಿ ಈಗಲೂ ಅದನ್ನು ಎತ್ತಿ ಆಡುತ್ತಾಳೆ.

ಹಾಗಾಗಿ ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ಹೋಗುವ ಜಾಗದ ಹೆಸರು ಹೇಳಿ, ಕಾರಣ ಹೇಳಬೇಡಿ. "ಬನಶಂಕರಿಗೆ ಹೊಂಟೀನ್ರಿ" ಅಂದರೆ ಸಾಕು, ಉಳಿದದ್ದನ್ನು ಅವರೇ ತುಂಬಿಕೊಳ್ಳುತ್ತಾರೆ. ಹರಕೆ ಅಂತ ನೀವಾಗಿ ಬಾಯಿಬಿಟ್ಟರೆ ಕಾಯಿ ಹೊರಲು ಸಿದ್ಧವಾಗಿರಿ.

ನಾಯಿಗಳ ಬಗ್ಗೆ ಒಂದು ಮಾತು ಮರೆತೆ. ಊರ ನಾಯಿ ಬೊಗಳಿ ಸುಮ್ಮನಾಗುತ್ತದೆ. ಹೊಲದಲ್ಲಿ ಕುರಿ ತರುಬಿದ್ದರೆ ಅಲ್ಲಿನ ನಾಯಿ ಹಾಗಲ್ಲ. ಓಡಬೇಡಿ, ಕಲ್ಲೆತ್ತಬೇಡಿ, ನಿಂತಲ್ಲೇ ನಿಂತು ಕುರಿಗಾರರನ್ನು ಕೂಗಿ. ಅವರು ಕರೆದ ಮೇಲೆಯೇ ಹೆಜ್ಜೆ ಎತ್ತಿ.

ಒಂಬತ್ತನೇ ದಿನ ಚೊಳಚಗುಡ್ಡದ ಹತ್ತಿರ ಮಲಪ್ರಭೆ ದಾಟಿದೆ. ಬನಶಂಕರಿಯಲ್ಲಿ ಜಾತ್ರೆಗೆ ಇನ್ನೂ ದಿನವಿದ್ದುದರಿಂದ ಜನ ಕಡಿಮೆ, ನಾಟಕದ ಕಂಪನಿಯವರು ಥಿಯೇಟರಿಗೆ ಗಳ ನೆಡುತ್ತಿದ್ದರು. ಹೊಂಡದಲ್ಲಿ ಕಾಲು ತೊಳೆದು ಒಳಗೆ ಹೋಗಿ ಕಾಯಿ, ಖಣಗಳನ್ನೆಲ್ಲ ಮುಂದಿಟ್ಟೆ. ಪೂಜಾರಿಗಳು ಯಾರ ಹೆಸರಲ್ಲಿ ಅಂತ ಕೇಳಿದರು. ಉಳಿದ ಇಬ್ಬರದು ಫೋನಿನಲ್ಲಿತ್ತು. ಅಜ್ಜಿಯ ಹೆಸರು ಕೇಳಿಯೇ ಇರಲಿಲ್ಲ. ಮುಳ್ಳು ತೆಗೆದವರು ಅಂತಷ್ಟೇ ಬರೆದುಕೊಂಡಿದ್ದೆ. ಅದನ್ನೇ ಹೇಳಿದೆ. ಅವರು ನಗಲಿಲ್ಲ, ಮಂತ್ರ ಹೇಳಿ ಒಡೆದ ಕಾಯಿ ವಾಪಸು ಕೊಟ್ಟರು. ಹೊರಗೆ ಬುಟ್ಟಿ ಇಟ್ಟುಕೊಂಡು ಕೂತ ಹೆಂಗಸರ ಹತ್ತಿರ ರೊಟ್ಟಿ, ಕೆಂಪು ಚಟ್ನಿ, ಕುಡಿಕೆಯ ಮೊಸರು ತಗೊಂಡು ಉಂಡೆ.

ಅಲ್ಲಿಂದ ಬಾದಾಮಿಗೆ ಹೋಗಿ ಗುಹೆ ನೋಡಿ ರೈಲು ಹತ್ತುವುದು ನನ್ನ ಯೋಜನೆ. ಆದರೆ ಕಾಯಿ ಹೋಳು ಎಷ್ಟು ದಿನ ಕೆಡದೆ ಇದ್ದೀತು? ಮರುದಿನ ಬೆಳಿಗ್ಗೆ ಬಸ್ಸಿನಲ್ಲಿ ಗದಗ, ಅಲ್ಲಿಂದ ಇನ್ನೊಂದು ಬಸ್ಸು, ಕೊನೆಗೆ ಆರು ಕಿ.ಮೀ. ಮತ್ತೆ ನಡಿಗೆ. ಇದನ್ನು 172ಕ್ಕೆ ಸೇರಿಸಿಲ್ಲ. ನಿಮಗೆ ಹತ್ತು ದಿನ ಬಿಡುವಿದ್ದರೆ ಎಂಟು ದಿನದ ದಾರಿ ಹಾಕಿಕೊಳ್ಳಿ ಎನ್ನುವುದು ಇದಕ್ಕೇ.

ಅಜ್ಜಿ ಮನೆಯ ಮುಂದೆ ಮೆಣಸಿನಕಾಯಿ ಒಣಹಾಕುತ್ತಿದ್ದರು. ಪ್ರಸಾದಕ್ಕೆ ಕೈಚಾಚುವ ಮೊದಲು, "ಚಪ್ಲಿ ಬಿಚ್ಚು, ಕಾಲು ತೋರ್ಸು" ಅಂದರು.