ಬೈಲಕುಪ್ಪೆಯಲ್ಲಿ ಹುಟ್ಟಿದವರ ಪಾಸ್‌ಪೋರ್ಟ್
1983ರಲ್ಲಿ ಬೈಲಕುಪ್ಪೆಯ ಟಿಬೆಟನ್ ಶಿಬಿರದಲ್ಲೇ ಹುಟ್ಟಿದ ನಿಮ್ಮ ಟಿಬೆಟನ್ ಪತ್ನಿಯ ಪಾಸ್‌ಪೋರ್ಟ್ ಯಾಕೆ ತಡೆದಿದ್ದಾರೆ ಎಂದು ಕೇಳಿದ್ದೀರಿ. ಬಹುಶಃ ಅವರ ಆರ್‌ಸಿಯೇ ಕಾರಣ. ಅದು ವಿದೇಶಿಯರಿಗೆ ಕೊಡುವ ನೋಂದಣಿ ಪತ್ರ, ಅಲ್ವಾ? ನಮ್ಮ ಮನೆಯಲ್ಲೂ ಇದೇ ಆಗಿತ್ತು.

ಆದರೆ 26 ಜನವರಿ 1950ರಿಂದ 1987ರ ಜುಲೈ 1ಕ್ಕೆ ಮುಂಚೆ ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಭಾರತೀಯರು. ಟಿಬೆಟನ್ನರಿಗೂ ಇದು ಅನ್ವಯಿಸುತ್ತದೆ ಎಂದು ದೆಹಲಿ ಹೈಕೋರ್ಟ್ 2010ರಲ್ಲೇ ಹೇಳಿದೆ. ಹಾಗಾಗಿ ಪೌರತ್ವ ಕೇಳಿ ಸುಮ್ನೆ ಹೊಸ ಅರ್ಜಿ ಹಾಕಬೇಡಿ.

ಮೊದಲು ಜನನ ಪ್ರಮಾಣಪತ್ರ ತೆಗೆಸಿ. ಹೆಸರು, ತಾರೀಕು ಆರ್‌ಸಿಯಲ್ಲಿ ಇರುವಂತೆಯೇ ಇವೆಯಾ ನೋಡಿ. ವ್ಯತ್ಯಾಸವಿದ್ದರೆ ಅದನ್ನು ಸರಿಪಡಿಸಿ. ಆಮೇಲೆ ತೀರ್ಪಿನ ಪ್ರತಿ ಸೇರಿಸಿ ಪಾಸ್‌ಪೋರ್ಟ್ ಕಚೇರಿಗೆ ಲಿಖಿತ ಉತ್ತರ ಕೊಡಿ.

ಆರ್‌ಸಿ ಒಪ್ಪಿಸಿ ಅನ್ನಬಹುದು. ಅವಸರ ಬೇಡ. ಶಿಬಿರದ ಮನೆ, ಜಮೀನು ಏನಾಗುತ್ತದೆ ಎಂದು ಅಲ್ಲಿನ ಕಚೇರಿಯಲ್ಲಿ ಕೇಳಿಕೊಂಡೇ ಒಪ್ಪಿಸಿ, ರಸೀದಿ ಪಡೆಯಿರಿ.